ಎಲೆ ಹಿಡಿದು ಬಂದವರಿಗೆ ಆರೋಗ್ಯದ ಮಾತು ಹೇಳುವುದು ಹೇಗೆ

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ರೈತ ಅನುವುಗಾರನಾಗಿ, ಅಂದರೆ ಕೃಷಿ ಇಲಾಖೆಯ ಮಾಹಿತಿಯನ್ನು ರೈತರಿಗೆ ಮುಟ್ಟಿಸುವವನಾಗಿ ಅಲೆದವನು ನಾನು. ರೈತ ಸಂಪರ್ಕ ಕೇಂದ್ರಕ್ಕೆ ಕೀಟನಾಶಕ ಹೊಡೆಯುವವರ ಆರೋಗ್ಯದ ವಿಚಾರ ಕೇಳಲು ಯಾರೂ ಬರುವುದಿಲ್ಲ. ಮುದುಡಿದ ಟೊಮೆಟೊ ಎಲೆಯನ್ನು ಟವೆಲ್ಲಿನ ತುದಿಗೆ ಕಟ್ಟಿಕೊಂಡು ಬಂದು, ‘ಇದಕ್ಕೆ ಯಾವ ಔಷಧಿ ಹೊಡೆಯಲಿ?’ ಎನ್ನುತ್ತಾರೆ. ಈ ಕೆಲಸ ಮಾಡುವ ನಮ್ಮ ನಿಮ್ಮ ಮಾತು ಅಲ್ಲಿಂದಲೇ ಶುರುವಾಗಬೇಕು. ಅದಕ್ಕೆಂದೇ ಬೇರೆ ಸಭೆ ಕರೆದರೆ ಊರಿನ ನಾಲ್ಕು ಮಂದಿ ಹಿರಿಯರು ಬಂದು ಟೀ ಕುಡಿದು ಹೋಗುತ್ತಾರೆ. ಔಷಧಿ ಹೊಡೆಯುವ ಪಂಪನ್ನು ಬೆನ್ನಿಗೆ ಹೊರುವವನು ಬರುವುದಿಲ್ಲ.

ಮೊದಲು ಎಲೆ ನೋಡಿ. ಎಲೆ ಮುದುಡು ರೋಗವಾದರೆ ಅದು ವೈರಸ್ಸಿನದು, ಹರಡುವುದು ಬಿಳಿ ನೊಣ. ರೋಗ ಹತ್ತಿದ ಗಿಡವನ್ನು ಯಾವ ಔಷಧಿಯೂ ಉಳಿಸದು, ಕಿತ್ತುಹಾಕಬೇಕು. ಇಷ್ಟನ್ನು ಮನವರಿಕೆ ಮಾಡಿದರೆ ಒಂದೆರಡು ಸಿಂಪಡಣೆಯೇ ತಪ್ಪುತ್ತದೆ. ನನ್ನ ಪ್ರಕಾರ ನಾವು ಮಾಡುವ ದೊಡ್ಡ ಆರೋಗ್ಯ ಸೇವೆ ಇದೇ.

ಹೊಡೆಯಲೇಬೇಕಾದರೆ ಡಬ್ಬಿಯ ಮೇಲೆ ವಿಷದ ಮಟ್ಟ ತಿಳಿಸುವ ಬಣ್ಣದ ತ್ರಿಕೋನ ತೋರಿಸಿ. ಕೆಂಪು ಅತಿ ಘೋರ ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೂ ವಿಷವೇ ಎಂದು ಸೇರಿಸಲು ಮರೆಯಬೇಡಿ. ಮಾನೋಕ್ರೋಟೋಫಾಸ್ ಎಂಬ ಕೀಟನಾಶಕವನ್ನು ತರಕಾರಿಗೆ ಬಳಸುವುದು 2005ರಲ್ಲೇ ನಿಷೇಧವಾಗಿದೆ ಎಂಬುದನ್ನೂ ಹೇಳಿ. ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕಾಯಿ ಕೀಳಬೇಕು ಎಂಬುದನ್ನು ನಾಟಿಯ ಹೊತ್ತಿನಲ್ಲೇ ತಿಳಿಸಿ. ಕೋಲಾರದ ಮಂಡಿಯಲ್ಲಿ ರೇಟು ಏರಿದ ವಾರ ಆ ಮಾತು ಯಾರ ಕಿವಿಗೂ ಹೋಗುವುದಿಲ್ಲ.

ಹೊಸದರಲ್ಲಿ ನಾನು ಮುಖಗವಸು, ಕನ್ನಡಕ, ಪ್ಲಾಸ್ಟಿಕ್ ಅಂಗಿ ಎಂದೆಲ್ಲ ಭಾಷಣ ಬಿಗಿಯುತ್ತಿದ್ದೆ. ಒಬ್ಬ ಹಿರಿಯರು, ‘ಸ್ವಾಮಿ, ಏಪ್ರಿಲ್ ಬಿಸಿಲಿನಲ್ಲಿ ನೀವೇ ಹಾಕಿಕೊಂಡು ನಾಲ್ಕು ಸಾಲು ಹೊಡೆದು ತೋರಿಸಿ’ ಎಂದರು. ಎರಡನೇ ಸಾಲಿಗೆ ಕಣ್ಣು ಕತ್ತಲೆ ಬಂತು. ಅಂದಿನಿಂದ ಆಗುವುದನ್ನಷ್ಟೇ ಹೇಳುತ್ತೇನೆ: ಬೆಳಗಿನ ತಂಪಿನಲ್ಲಿ, ಗಾಳಿಗೆ ಎದುರಾಗದೆ ಹೊಡೆಯಿರಿ, ತುಂಬು ತೋಳಿನ ಅಂಗಿ ಇರಲಿ, ಮೂಗುಬಾಯಿ ಮುಚ್ಚಿರಲಿ, ಔಷಧಿ ಬೆರೆಸುವಾಗಲಂತೂ ಕೈಗವಸು ಬೇಕೇ ಬೇಕು. ನೀರು ಸೇರದ ಗಟ್ಟಿ ಔಷಧಿ ಕೈಗೆ ತಾಗುವುದು ಆಗಲೇ. ಮುಚ್ಚಳದಲ್ಲಿ ಅಳೆದು ಸುರಿಯುವ ಅಭ್ಯಾಸವನ್ನೂ ಬಿಡಿಸಿ.

ಇದೆಲ್ಲಕ್ಕಿಂತ ಚೆನ್ನಾಗಿ ನಾಟುವುದು ಕೇಸರಿಬಾತಿನ ಬಣ್ಣ. ಒಮ್ಮೆಯೂ ಔಷಧಿ ತುಂಬದ ಹೊಸ ಪಂಪಿಗೆ ಬಣ್ಣದ ನೀರು ತುಂಬಿ, ಬಿಳಿ ಅಂಗಿ, ಬಿಳಿ ಪಂಚೆ ಉಟ್ಟ ಹುಡುಗನೊಬ್ಬನನ್ನು ಕಡ್ಡಿ ನೆಟ್ಟ ಟೊಮೆಟೊ ಸಾಲುಗಳ ನಡುವೆ ನಡೆಸಿ. ಹೊರಗೆ ಬಂದಾಗ ಎಲ್ಲರೂ ಸುತ್ತುವರಿಯುತ್ತಾರೆ. ಒದ್ದೆ ಎಲೆ ಸವರಿದ ತೊಡೆ ಪೂರ್ತಿ ಕೇಸರಿ. ಪಂಪಿನ ಮುಚ್ಚಳ ಸೋರಿದ್ದರಿಂದ ಸೊಂಟದ ಹಿಂದೆ ಅಂಗೈಯಗಲ ಕಲೆ. ಬೆವರು ಒರೆಸಿಕೊಂಡ ಹುಬ್ಬಿನ ಮೇಲೂ ಒಂದು ಗೆರೆ. ನೀವು ಬಾಯಿ ಬಿಡಬೇಡಿ. ಒಮ್ಮೆ ಹಿಂದೆ ನಿಂತಿದ್ದ ಅಮ್ಮನೊಬ್ಬರು, ‘ಹಾಗಾದರೆ ಈ ಬಟ್ಟೆ ಒಗೆಯುವ ನನ್ನ ಕೈ?’ ಎಂದರು. ಅಲ್ಲಿಯವರೆಗೆ ನನಗೇ ಅದು ಹೊಳೆದಿರಲಿಲ್ಲ. ಆ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ, ಮಕ್ಕಳ ಬಟ್ಟೆಯೊಂದಿಗೆ ಬೆರೆಸದೆ, ಕೈಗವಸು ಹಾಕಿಕೊಂಡು ಒಗೆಯಬೇಕು. ಹೆಂಗಸರಿಗೆ ಇದನ್ನು ಮುಟ್ಟಿಸಲು ಬೆಳಗ್ಗೆ ಹಾಲಿನ ಡೈರಿಯ ಮುಂದೆ ನಿಲ್ಲಿ. ನಮ್ಮ ಕಡೆ ಹಲವು ಮನೆಗಳ ಮಾತು ತೆಲುಗು. ಅವರೊಂದಿಗೆ ತೆಲುಗಿನಲ್ಲೇ ಮಾತನಾಡಿ.

ವಿಷವೇರಿದರೆ ಏನು ಮಾಡಬೇಕೆಂಬುದನ್ನು ಆಶಾ ಕಾರ್ಯಕರ್ತೆಯೊಂದಿಗೆ ಮೊದಲೇ ಕುಳಿತು ಗೊತ್ತುಮಾಡಿಕೊಳ್ಳಿ. ಇಬ್ಬರೂ ಒಂದೇ ಮಾತು ಹೇಳಬೇಕು. ಜೊಲ್ಲು, ವಿಪರೀತ ಬೆವರು, ವಾಂತಿ, ಕಣ್ಣು ಮಂಜಾಗುವುದು ಕಂಡರೆ ಬಟ್ಟೆ ತೆಗೆಸಿ, ಸೋಪು ಹಾಕಿ ಮೈ ತೊಳೆದು 108ಕ್ಕೆ ಕರೆ ಮಾಡಬೇಕು. ಹಾಲು, ತುಪ್ಪ, ಹುಣಿಸೆ ನೀರು ಕುಡಿಸಬಾರದು, ವಾಂತಿ ಮಾಡಿಸಬಾರದು. ಔಷಧಿಯ ಡಬ್ಬಿ ಜೊತೆಗೇ ಹೋಗಬೇಕು, ಏಕೆಂದರೆ ಅಟ್ರೋಪಿನ್ ಎಂಬ ಪ್ರತಿವಿಷ ಕೊಡಬೇಕಾದ ಬಗೆಯ ವಿಷವೋ ಅಲ್ಲವೋ ಎಂದು ವೈದ್ಯರಿಗೆ ಆ ಹೆಸರಿನಿಂದ ಬೇಗ ತಿಳಿಯುತ್ತದೆ. ಇದಕ್ಕಿಂತ ಮುಂದೆ ನೀವು ವೈದ್ಯರಾಗಲು ಹೋಗಬೇಡಿ.

ಹದಿನೈದು ದಿನ ಬಿಟ್ಟು ಅದೇ ತೋಟಕ್ಕೆ ಹೋಗಿ. ‘ಕೈ ತೊಳೆಯುತ್ತೀರಾ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಕೇಳಬೇಡಿ. ಪಂಪ್‌ಸೆಟ್ಟಿನ ತೊಟ್ಟಿಯ ಅಂಚಿನಲ್ಲಿ ಸೋಪು ಇದೆಯೇ, ಇದ್ದರೆ ಎಷ್ಟು ಸವೆದಿದೆ ನೋಡಿಕೊಂಡು ಬನ್ನಿ.