ನೂರಕ್ಕೆ ಹದಿನಾರರಲ್ಲೇ ಲೇವಾದೇವಿ: ನನ್ನ ಅನುಭವ

ವರ್ಷಕ್ಕೆ ನೂರಕ್ಕೆ ಹದಿನಾರರ ಬಡ್ಡಿಯಲ್ಲಿ ಅಂಗಡಿ ನಡೆಯುವುದಿಲ್ಲ ಎಂದು ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ನನಗೆ ಹೇಳದವರಿಲ್ಲ. ಸುತ್ತಲೂ ತಿಂಗಳಿಗೆ ನೂರಕ್ಕೆ ಮೂರು, ಕೆಲವೆಡೆ ಐದು ನಡೆಯುತ್ತಿತ್ತು. ಭದ್ರತೆ, ಅಂದರೆ ಅಡವು ಇದ್ದ ಸಾಲಕ್ಕೆ ವರ್ಷಕ್ಕೆ ಶೇ. 14, ಇಲ್ಲದ ಸಾಲಕ್ಕೆ ಶೇ. 16 ಎಂಬ ಸರ್ಕಾರದ ದರದಲ್ಲಿಯೇ ನಾನು ಆರೇಳು ವರ್ಷದಿಂದ ವ್ಯವಹಾರ ಮಾಡಿ ತೋರಿಸಿದ್ದೇನೆ. ಬಡ್ಡಿಗೆ ಸಾಲ ಕೊಡುವವರು ಪರವಾನಗಿ ಪಡೆಯಬೇಕೆನ್ನುವ 1961ರ ಲೇವಾದೇವಿದಾರರ ಕಾಯ್ದೆಯ ಅರ್ಜಿ, ಠೇವಣಿ, ನವೀಕರಣದ ಮಾತು ಇಲ್ಲಿ ಬೇಡ. ನೇರವಾಗಿ ಹಣದ ಮಾತಿಗೆ ಬರುತ್ತೇನೆ.

ಬಂಡವಾಳ ಸುಮಾರು 20 ಲಕ್ಷ. ವರ್ಷಪೂರ್ತಿ ದುಡಿದರೆ ಬಡ್ಡಿ 3 ಲಕ್ಷ 20 ಸಾವಿರ. ಬಾಡಿಗೆ, ಗುಮಾಸ್ತನ ಸಂಬಳ, ಲೆಕ್ಕಪತ್ರದ ಖರ್ಚು ಕಳೆದರೆ ಕೈಯಲ್ಲಿ ಒಂದೂವರೆ ಲಕ್ಷದ ಆಸುಪಾಸು. ಆದ್ದರಿಂದ ಈ ದರದಲ್ಲಿ ಹಣ ಖಾಲಿ ಕೂರಬಾರದು, ಮುಳುಗಲೂಬಾರದು.

ಮೊದಲ ಹಂಗಾಮಿನಲ್ಲಿಯೇ ಪೆಟ್ಟು ಬಿತ್ತು. ನನ್ನಲ್ಲಿ ಸಾಲ ಪಡೆದ ರೈತರು ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸಿದ್ದರು, ಬಿಲ್ಲಿನ ಹಣ ಬರಲಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಾರ್ಖಾನೆ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಬೇಕು. ರೈತನ ಕೈಗೆ ಅದು ಹಾಗೆ ಬಾರದೆ ನನ್ನ ಆರೇಳು ಲಕ್ಷ ಬೇಸಿಗೆಯವರೆಗೆ ಸಿಕ್ಕಿಕೊಂಡಿತು. ಮರುವರ್ಷದಿಂದ ಸಾಲ ತೀರಿಸುವ ಮುದ್ದತನ್ನು ಯುಗಾದಿ, ದೀಪಾವಳಿಗೆ ಕಟ್ಟುವುದನ್ನು ಬಿಟ್ಟೆ. ಕಟಾವಿನ ನಂತರ ಮೂರು ತಿಂಗಳು ಸಡಿಲ ಕೊಟ್ಟು, ಎರಡು ಕಂತು ಮಾಡಿದೆ. ಅಲ್ಲಿಯವರೆಗೆ ಸರಳ ಬಡ್ಡಿ ಮಾತ್ರ, ದಂಡವಿಲ್ಲ. ವಸೂಲಿಗೆ ಯಾರ ಮನೆ ಬಾಗಿಲಿಗೂ ಆಳು ಕಳಿಸಲಿಲ್ಲ. ಯಾರ ಕಬ್ಬು ಯಾವ ವಾರ ಹೋಗುತ್ತದೆ ಎಂದು ಮುಂಚೆಯೇ ತಿಳಿಯುವ ನನ್ನ ದಾರಿಯೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಿಜವಾಗಿ ಕೈಹಿಡಿದದ್ದು ಸಾಲಗಾರನ ಬಳಿಯೇ ಇರುವ ಕೆಂಪು ರಟ್ಟಿನ ಪುಸ್ತಕ. ಕಿರ್ದಿ (ದಿನದ ಲೆಕ್ಕ), ಖತಾವಣಿ (ಒಬ್ಬೊಬ್ಬರ ಖಾತೆ) ನಮ್ಮಲ್ಲಿದ್ದರೆ ಅದರ ಪ್ರತಿ ಸಾಲು ಅವನಲ್ಲೂ ಇರುತ್ತದೆ. ಒಬ್ಬರು 50 ಸಾವಿರ ಒಯ್ದು ಎಂಟು ತಿಂಗಳಿಗೆ ತಂದುಕೊಟ್ಟರು. ಬಡ್ಡಿ 5,333 ರೂಪಾಯಿ. ಪಕ್ಕದ ಗಲ್ಲಿಯ ತಿಂಗಳಿಗೆ ನೂರಕ್ಕೆ ಮೂರರ ದರದಲ್ಲಿ ಅದು 12 ಸಾವಿರ. ಅವರು ಆ ಪುಟವನ್ನು ಊರ ಕಟ್ಟೆಯಲ್ಲಿ ತೆರೆದು ತೋರಿಸಿದರಂತೆ; ಮುಂದಿನ ವಾರ ಅದೇ ಊರಿನಿಂದ ಮೂವರು ಬಂದರು. ಖಾಲಿ ಚೆಕ್ಕು, ಮೊತ್ತ ಬರೆಯದ ಪತ್ರ ನಾನು ಮುಟ್ಟುವುದಿಲ್ಲ. ಈಗ ಮುಳುಗುವ ಹಣ ನೂರಕ್ಕೆ ಒಂದೂ ಇಲ್ಲ. ಪೇಟೆಯಲ್ಲಿ ಈ ಮಾತು ಹೇಳಬಲ್ಲವರು ಬೇರೆ ಯಾರೂ ನನಗೆ ಕಂಡಿಲ್ಲ.

ನಡುವೆ ರಬಕವಿ-ಬನಹಟ್ಟಿಯ ನೇಕಾರರಿಗೆ ವಾರದ ಕಂತಿನಲ್ಲಿ ಎರಡು ಮೂರು ಲಕ್ಷ ಬಿಟ್ಟು ನೋಡಿದೆ. ನೂಲಿನ ಬೆಲೆ ಏರಿ ಮಗ್ಗ ನಿಂತ ವಾರಗಳಲ್ಲಿ ಕಂತೂ ನಿಂತಿತು, 60 ಸಾವಿರದಷ್ಟು ಹೋಯಿತು. ಸೀರೆ ಮಾರಿದ ಮೇಲೆ ಒಂದೇ ಕಂತು ಎಂದು ಬದಲಿಸಿದ ಮೇಲೆ ಸರಿಹೋಗುತ್ತಿದೆ. ಬಂಗಾರದ ಅಡವಿಗೆ ಗಿರವಿದಾರರ ಪರವಾನಗಿ ಬೇರೆಯೇ ಬೇಕು. ಬ್ಯಾಂಕುಗಳ ಬಡ್ಡಿಯ ಮುಂದೆ ಅದರ ಲೆಕ್ಕ ಕೂಡಲಿಲ್ಲ, ಕೈಬಿಟ್ಟೆ.

2025ರ ಫೆಬ್ರುವರಿಯಲ್ಲಿ ಕಿರುಸಾಲದ ಕಿರುಕುಳ ತಡೆಯುವ ಸುಗ್ರೀವಾಜ್ಞೆ ಬಂತು, ಹಿಂದೆಯೇ ಕಾಯ್ದೆಯೂ ಆಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪರವಾನಗಿ, ನೋಂದಣಿ ಇಲ್ಲದವರು ದುರ್ಬಲರಿಗೆ ಕೊಟ್ಟ ಸಾಲ ಬಡ್ಡಿಸಮೇತ ತೀರಿದಂತೆಯೇ. ನನ್ನನ್ನು ಆಡಿಕೊಂಡಿದ್ದ ಇಬ್ಬರು ಆ ತಿಂಗಳಲ್ಲೇ ಬಂದು ಕೆಂಪು ಪುಸ್ತಕದ ಮಾದರಿ ಕೇಳಿದರು. ಕೊಟ್ಟೆ. ಪರವಾನಗಿ ಸಿಗುವವರೆಗೆ ಒಂದು ರೂಪಾಯಿಯನ್ನೂ ಹೊರಗೆ ಬಿಡಬೇಡಿ ಎಂದೂ ಹೇಳಿ ಕಳಿಸಿದೆ.