‘ಮಂಗನ ಪಂಜ’ವನ್ನು ನಾನು ಗಟ್ಟಿಯಾಗಿ ಓದುವ ಬಗೆ

ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಅವರ ‘ದಿ ಮಂಕೀಸ್ ಪಾ’ ಪ್ರಕಟವಾಗಿದ್ದು 1902ರಲ್ಲಿ. ಈ ಕತೆಯನ್ನು ಜನರ ಮುಂದೆ ಗಟ್ಟಿಯಾಗಿ ಓದುವುದು ನನಗೆ ತುಂಬಾ ಇಷ್ಟ. ದೆವ್ವದ ಕತೆ ಅಂದ ತಕ್ಷಣ ಮೊದಲ ಸಾಲಿನಿಂದಲೇ ದನಿ ತಗ್ಗಿಸಬೇಕು ಅನಿಸುತ್ತದೆ, ಅಲ್ವಾ? ಇಲ್ಲಿ ಅದು ನಡೆಯಲ್ಲ. ಈ ಕತೆಯಲ್ಲಿ ಭಯ ನಿಧಾನಕ್ಕೆ ಬರುತ್ತದೆ, ನಡುವೆ ಒಮ್ಮೆ ಪೂರ್ತಿ ಹೊರಟೂ ಹೋಗುತ್ತದೆ. ಆ ಏರಿಳಿತ ಹಿಡಿಯಲು ಪೆನ್ಸಿಲ್ ತಗೊಂಡು ಪ್ರತಿ ಪ್ಯಾರಾದ ಪಕ್ಕ ಎರಡೇ ಸಂಗತಿ ಬರೆದುಕೊಂಡೆ. ಬೆಳಕು ಎಲ್ಲಿಂದ ಬರುತ್ತಿದೆ? ಯಾವ ಸದ್ದು ಕೇಳುತ್ತಿದೆ?

ಮೊದಲ ಭಾಗದಲ್ಲಿ ಹೊರಗೆ ಚಳಿ, ಮಳೆ. ಒಳಗೆ ಬೆಂಕಿ ಚೆನ್ನಾಗಿ ಉರಿಯುತ್ತಿದೆ, ಅಪ್ಪ-ಮಗ ಚೆಸ್ ಆಡುತ್ತಿದ್ದಾರೆ. ಇದನ್ನು ಆರಾಮಾಗಿ ಓದುತ್ತೇನೆ. ಮೂರು ಬೇಡಿಕೆ ಈಡೇರಿಸುತ್ತದೆ ಅನ್ನುವ ಒಣಗಿದ ಮಂಗನ ಪಂಜವೊಂದನ್ನು ತಂದ ಸೈನಿಕ ಮಾತಾಡುವಾಗ, ತಮ್ಮ ನಗು ಯಾಕೋ ಹೊಂದುತ್ತಿಲ್ಲ ಅಂತ ಮನೆಯವರಿಗೇ ಅನಿಸುತ್ತದೆ. ಮೊದಲ ಬಿರುಕು ಅದು. ರಾತ್ರಿ ಅದೇ ಬೆಂಕಿ ಆರುತ್ತಾ ಬಂದಾಗ ಮಗ ಹರ್ಬರ್ಟನಿಗೆ ಅದರಲ್ಲಿ ಮುಖಗಳು ಕಾಣುತ್ತವೆ.

ಮರುದಿನ ತಿಂಡಿಯ ಮೇಜಿನ ಮೇಲೆ ಚಳಿಗಾಲದ ಬಿಸಿಲು. ಭಯ ಮಾಯ. ನನ್ನ ದನಿಯಲ್ಲೂ ರಾತ್ರಿಯ ಸುಳಿವು ಉಳಿಯಬಾರದು, ಯಾಕಂದ್ರೆ ಮುಂದಿನ ಪೆಟ್ಟು ಬೀಳುವುದು ಈ ಬಿಸಿಲಿನಲ್ಲೇ. ಆಮೇಲೆ ಒಬ್ಬ ಅಪರಿಚಿತ ಗೇಟಿನ ಬಳಿ ಮೂರು ಸಲ ನಿಂತು ಮುಂದೆ ಹೋಗುತ್ತಾನೆ, ನಾಲ್ಕನೇ ಸಲ ಒಳಗೆ ಬರುತ್ತಾನೆ. ಮಗನಿಗೆ ಪೆಟ್ಟಾಗಿದೆಯಾ ಅಂತ ತಾಯಿ ಕೇಳುತ್ತಾಳೆ. ಜೋರಾಗಿಯೇ ಆಗಿದೆ, ಆದರೆ ಈಗ ನೋವೇನೂ ಇಲ್ಲ ಅನ್ನುತ್ತಾನೆ. ಸದ್ಯ, ದೇವರು ದೊಡ್ಡವನು ಅಂತ ಅವಳು ಕೈ ಜೋಡಿಸುತ್ತಾಳೆ. ಮರುಕ್ಷಣ ಆ ಮಾತಿನ ಅರ್ಥ ಅವಳಿಗೆ ಹೊಳೆಯುತ್ತದೆ: ಮಗ ಸತ್ತಿದ್ದಾನೆ. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಇದಕ್ಕಿಂತ ಕಷ್ಟದ ಜಾಗ ಇಲ್ಲ. ಆ ಒಂದು ಕ್ಷಣದ ಸಮಾಧಾನವನ್ನು ಪೂರ್ತಿ ನಂಬಿ ಓದಬೇಕು. ಮುಂಚೆಯೇ ದನಿ ನಡುಗಿತೋ, ಎಲ್ಲಾ ಹಾಳು. ಮಗ ಕೆಲಸ ಮಾಡುತ್ತಿದ್ದ ಕಂಪನಿ ಕೊಡುವ ಪರಿಹಾರ 200 ಪೌಂಡ್, ಅಂದರೆ ಅಪ್ಪ ಪಂಜ ಹಿಡಿದು ಬೇಡಿದಷ್ಟೇ ಹಣ. ಅದನ್ನು ಸುಮ್ನೆ ಲೆಕ್ಕ ಹೇಳಿದ ಹಾಗೆ ಓದಿಬಿಡುತ್ತೇನೆ.

ಮೂರನೇ ಭಾಗದ ಹೊತ್ತಿಗೆ ನನ್ನ ಗುರುತುಗಳಲ್ಲಿ ಬೆಳಕು ಮುಗಿಯುತ್ತಾ ಬಂದಿತ್ತು. ತಾಯಿಯ ಒತ್ತಾಯಕ್ಕೆ ಅಪ್ಪ, ಮಗ ಮತ್ತೆ ಬದುಕಿ ಬರಲಿ ಅಂತ ಪಂಜ ಹಿಡಿದು ಎರಡನೇ ಸಲ ಬೇಡುತ್ತಾನೆ. ಮೇಣದ ಬತ್ತಿ ಆರುತ್ತದೆ, ಗೀರಿದ ಕಡ್ಡಿಯೂ ಆರುತ್ತದೆ. ಉಳಿಯುವುದು ಸದ್ದು ಮಾತ್ರ: ಗಡಿಯಾರದ್ದು, ಮೆಟ್ಟಿಲಿನದು, ಇಲಿಯದು. ಆಮೇಲೆ ಬಾಗಿಲು ಬಡಿಯುವ ಸದ್ದು. ಇಲ್ಲಿ ಎಲ್ಲರಿಗೂ ಭಯ ಅಂದುಕೊಂಡು ಓದಿದರೆ ತಪ್ಪುತ್ತದೆ. ತಾಯಿಗೆ ಭಯವೇ ಇಲ್ಲ, ಮಗ ಬಂದ ಅನ್ನುವ ಆಸೆ. ಅಪ್ಪನಿಗೆ ಮಾತ್ರ, ಯಂತ್ರಕ್ಕೆ ಸಿಕ್ಕಿ ನುಜ್ಜುಗುಜ್ಜಾದ ಆ ದೇಹದ ನೆನಪು. ಅವಳು ಬಿಗಿಯಾದ ಚಿಲಕದ ಜೊತೆ ಗುದ್ದಾಡುತ್ತಾಳೆ, ಅವನು ಕತ್ತಲಲ್ಲಿ ಪಂಜಕ್ಕಾಗಿ ನೆಲ ತಡಕುತ್ತಾನೆ. ಅವಳ ಮಾತನ್ನು ಖುಷಿಯಲ್ಲಿ, ಅವನ ಪಾಡನ್ನು ಆತುರದಲ್ಲಿ ಓದುತ್ತೇನೆ. ಕೇಳುವವರಿಗೆ ಬಾಗಿಲು ತೆರೆಯಲಿ ಅಂತಲೂ ಅನಿಸಬೇಕು, ಬೇಡ ಅಂತಲೂ ಅನಿಸಬೇಕು. ಅಪ್ಪನ ಕೊನೆಯ ಬೇಡಿಕೆ ಏನು ಅಂತ ಜೇಕಬ್ಸ್ ಹೇಳುವುದಿಲ್ಲ. ನಾನೂ ಅಲ್ಲಿ ನಿಲ್ಲಿಸಿ ವಿವರಿಸುವುದಿಲ್ಲ, ಅದೇ ವೇಗದಲ್ಲಿ ಮುಂದಿನ ಸಾಲಿಗೆ ಹೋಗುತ್ತೇನೆ.