ಹಾಡಿಗೆ ಬೇಡವಾದ ಪದ

ಹತ್ತು ರಾಕ್ ಹಾಡುಗಳ ಹಿಂದಿನ ಗುಟ್ಟು ಊಹಿಸುವ ಪರೀಕ್ಷೆಯಲ್ಲಿ ನನಗೆ ಹತ್ತಕ್ಕೆ ಆರೂವರೆ ಬಂತು. ನನ್ನ ಲೆಕ್ಕದಲ್ಲಿ ಆರೂವರೆ, ನಮ್ಮ ಡ್ರಮ್ಮರ್ ಲೆಕ್ಕದಲ್ಲಿ ಆರು. ಆ ಅರ್ಧ ಅಂಕದ ಜಗಳ ಇನ್ನೂ ಹರಿದಿಲ್ಲ. ಆದರೆ ಹದಿನೈದು ವರ್ಷ "ಮಗಾ, ನೀನು ಹಾಡು ಕೇಳಲ್ಲ, ಪಂಚಾಂಗ ನೋಡ್ತೀಯ" ಅಂತ ಆಡಿಕೊಂಡವರು ಅವತ್ತು ರಾತ್ರಿ ಸುಮ್ಮನೆ ಸ್ಕೂಟರ್ ಹತ್ತಿ ಹೋದದ್ದನ್ನು ಮಾತ್ರ ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರಾಕ್ ಕೇಳುವವರಿಗೆ ಈ ಚಟ ಹೊಸದಲ್ಲ. ಬರೆದವನ ಮನೆಯ ಯಾವ ಜಗಳ, ಯಾವ ಸಾವು, ಯಾವ ಹುಡುಗಿ ಸಾಲುಗಳ ಕೆಳಗೆ ಅವಿತು ಕೂತಿದ್ದಾರೆ ಅಂತ ಕೆದಕುವುದು. 'ಹೋಟೆಲ್ ಕ್ಯಾಲಿಫೋರ್ನಿಯಾ'ಗೆ ನಿಮ್ಮದೇ ಒಂದು ಅರ್ಥ ನಿಮ್ಮಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಪೀಠಿಕೆ ಬೇಡ, ನೇರವಾಗಿ ನಾನು ಬಿದ್ದ ಗುಂಡಿಗಳಿಗೆ ಬರುತ್ತೇನೆ.

ಮೊದಲ ಗುಂಡಿ ಇಂಗ್ಲೆಂಡಿನ ಬೀಟಲ್ಸ್ ತಂಡ. ಅದರ ಪಾಲ್ ಮೆಕಾರ್ಟ್ನಿ ಸತ್ತುಹೋಗಿದ್ದಾನೆ, ಅವನ ಜಾಗದಲ್ಲಿ ಬೇರೆ ಯಾರೋ ಹಾಡುತ್ತಿದ್ದಾನೆ, ಉಳಿದವರು ಸುಳಿವು ಬಿಡುತ್ತಿದ್ದಾರೆ ಅಂತ 1969ರಲ್ಲಿ ಅಮೆರಿಕದಲ್ಲಿ ಎದ್ದ ಪುಕಾರು ನಿಮಗೆ ಗೊತ್ತು. 'ಅಬ್ಬೆ ರೋಡ್' ಆಲ್ಬಮ್ಮಿನ ರಕ್ಷಾಪುಟದಲ್ಲಿ ಪಾಲ್‌ನ ಬರಿಗಾಲು, ಹಿಂದೆ ನಿಂತ ಕಾರಿನ ನಂಬರ್ ಪ್ಲೇಟು, ಎಲ್ಲದಕ್ಕೂ ಅರ್ಥ. ಅವರದೇ 'ರೆವಲ್ಯೂಷನ್ 9' ಅನ್ನು ಹಿಂದುಮುಂದಾಗಿ ಕೇಳಿದರೆ 'ಟರ್ನ್ ಮಿ ಆನ್ ಡೆಡ್ ಮ್ಯಾನ್' ಅಂತ ಕೇಳುತ್ತದಂತೆ. ನಾನಾಗ ಪಿಯುಸಿ. ಕ್ಯಾಸೆಟ್ಟಿನ ಐದೂ ಸ್ಕ್ರೂ ಬಿಚ್ಚಿ, ಟೇಪನ್ನು ಒಮ್ಮೆ ತಿರುಚಿ, ಪೆನ್ಸಿಲ್ಲಿನಿಂದ ಪೂರ್ತಿ ಸುತ್ತಿ ಮತ್ತೆ ಮುಚ್ಚಿದೆ. ಹೀಗೆ ಮಾಡಿದರೆ ಹಾಡು ತಿರುಗಾಮುರುಗಾ ಬರುತ್ತದೆ, ಆದರೆ ಕಂಬಳಿ ಹೊದ್ದು ಹಾಡಿದ ಹಾಗೆ. ಮೂರನೇ ಕ್ಯಾಸೆಟ್ಟಿಗೆ ಟೇಪು ಸಿಕ್ಕಿಕೊಂಡು ಅಪ್ಪನ ಟೂ-ಇನ್-ವನ್ ಹೆಡ್ ಹೋಯಿತು. ರಿಪೇರಿಗೆ ಮುನ್ನೂರೈವತ್ತೋ ಏನೋ. ಅಪ್ಪ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ನಾಲ್ಕೈದು ವರ್ಷದ ಮೇಲೆ ಕಂಪ್ಯೂಟರಿನ ಸೌಂಡ್ ರೆಕಾರ್ಡರಿನಲ್ಲಿ 'ರಿವರ್ಸ್' ಅಂತ ಒಂದು ಆಯ್ಕೆ ಇರುವುದು ತಿಳಿಯಿತು. ಸೈಬರ್ ಕೆಫೆಯಲ್ಲಿ ಗಂಟೆಗೆ ನಲವತ್ತು ರೂಪಾಯಿ ಕೊಟ್ಟು ಅದೇ ತುಣುಕನ್ನು ತಿರುಗಿಸಿ, ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದೆ. ಗೆಳೆಯರಲ್ಲಿ ಎಂಟು ಜನಕ್ಕೆ ಏನೂ ಹೇಳದೆ ಕೇಳಿಸಿದೆ. ಒಬ್ಬನಿಗೂ ಸತ್ತ ಮನುಷ್ಯ ಕೇಳಿಸಲಿಲ್ಲ. ಸಾಲನ್ನು ಚೀಟಿಯಲ್ಲಿ ಬರೆದು ತೋರಿಸಿ ಮತ್ತೆ ಹಾಕಿದೆ, ಎಂಟೂ ಜನಕ್ಕೆ ಕೇಳಿಸಿತು, ಇಬ್ಬರಿಗೆ ಮೈ ಜುಮ್ಮೆಂದಿತು. ಅಡುಗೆಮನೆಯಲ್ಲಿದ್ದ ಅಮ್ಮ ಬಂದು "ಯಾರೋ ಅದು, 'ತಿಮ್ಮಣ್ಣ ಎದ್ನಾ' ಅಂತ ಕೇಳ್ತಿರೋದು?" ಅಂದಳು. ಅಲ್ಲಿಗೆ ಆ ವಿದ್ಯೆಗೆ ಎಳ್ಳುನೀರು ಬಿಟ್ಟೆ. ಈಗಲೂ ಆ ತುಣುಕು ಹಾಕಿದರೆ ನನಗೆ ತಿಮ್ಮಣ್ಣನೇ ಕೇಳಿಸುವುದು.

ಎರಡನೆಯದು ಬೀಟಲ್ಸ್‌ನದೇ 'ಐ ಆಮ್ ದ ವಾಲ್ರಸ್'. ಬೆಡಗಿನ ವಚನ, ಕನಕದಾಸರ ಮುಂಡಿಗೆ ಓದಿಕೊಂಡು ಬೆಳೆದ ನಮಗೊಂದು ಕಾಯಿಲೆ ಇದೆ: ಪ್ರತಿ ಪ್ರಾಣಿಯೂ ಇನ್ನೇನೋ, ಪ್ರತಿ ಮೊಟ್ಟೆಯೂ ಬ್ರಹ್ಮಾಂಡ. ಒಂದು ಇಡೀ ಮಳೆಗಾಲ ಆ ಹಾಡಿಗೆ ಟಿಪ್ಪಣಿ ಬರೆದೆ, ನೂರು ಪುಟದ ನೋಟುಬುಕ್ಕು ತುಂಬಿತು. ಆಮೇಲೆ ತಿಳಿದದ್ದು: ಹಾಡು ಬರೆದ ಜಾನ್ ಲೆನನ್ ಓದಿದ್ದ ಕ್ವಾರಿ ಬ್ಯಾಂಕ್ ಶಾಲೆಯ ಹುಡುಗನೊಬ್ಬ, ನಮ್ಮ ಮೇಷ್ಟ್ರು ಕ್ಲಾಸಿನಲ್ಲಿ ಬೀಟಲ್ಸ್ ಹಾಡಿಗೆ ಅರ್ಥ ಬಿಡಿಸುತ್ತಾರೆ ಅಂತ ಅವನಿಗೆ ಕಾಗದ ಬರೆದಿದ್ದನಂತೆ. ಅದನ್ನು ಓದಿ ನಕ್ಕು, ಇದಕ್ಕೆ ಅರ್ಥ ಹುಡುಕಲಿ ನೋಡೋಣ ಅಂತಲೇ ಆ ಹುಚ್ಚು ಸಾಲುಗಳನ್ನು ಸೇರಿಸಿದ್ದು. ಅಷ್ಟು ಸಾಲದು ಅಂತ 1968ರ 'ಗ್ಲಾಸ್ ಆನಿಯನ್' ಹಾಡಿನಲ್ಲಿ ವಾಲ್ರಸ್ ಅಂದರೆ ಪಾಲ್ ಅಂತ ಇನ್ನೊಂದು ಗಾಳ ಎಸೆದ. ಆ ಗಾಳವನ್ನೂ ನಾನು ನುಂಗಿದ್ದೆ. ಆ ನೋಟುಬುಕ್ಕನ್ನು ಯಾರಿಗೂ ತೋರಿಸಿಲ್ಲ.

ಮೊದಲಕ್ಷರ ಜೋಡಿಸುವ ಆಟವೂ ಆಡಿದೆ. 'ಶೈನ್ ಆನ್ ಯೂ ಕ್ರೇಜಿ ಡೈಮಂಡ್' ಅನ್ನುವುದರಲ್ಲಿ ಮೂರು ಪದ ಹೆಕ್ಕಿದರೆ ಇಂಗ್ಲಿಷಿನಲ್ಲಿ 'ಸಿಡ್' ಆಗುತ್ತದೆ. ಹಾಡೂ ಪಿಂಕ್ ಫ್ಲಾಯ್ಡ್ ತಂಡ ಕಳೆದುಕೊಂಡ ಹಳೆಯ ಗಾಯಕ ಸಿಡ್ ಬ್ಯಾರೆಟ್‌ನ ಮೇಲೆಯೇ. ಇದೇ ನಮ್ಮ ವಚನಕಾರರ ಅಂಕಿತ ಅಂತ ಕುಣಿದಾಡಿದೆ. ಅದೇ ಸೂತ್ರವನ್ನು ಬೀಟಲ್ಸ್‌ನ 'ಲೂಸಿ ಇನ್ ದ ಸ್ಕೈ ವಿತ್ ಡೈಮಂಡ್ಸ್'ಗೆ ಹಚ್ಚಿದರೆ ಮತ್ತಿನ ಮದ್ದು ಎಲ್‌ಎಸ್‌ಡಿ ಬರುತ್ತದೆ. ಲೆನನ್ ಬದುಕಿದ್ದಷ್ಟು ದಿನ ಹೇಳಿದ್ದು ಒಂದೇ: ಮಗ ಜೂಲಿಯನ್ ಶಿಶುವಿಹಾರದಿಂದ ಬರೆದು ತಂದ ಚಿತ್ರ ಅದು, ಲೂಸಿ ಅವನ ಜೊತೆಯ ಹುಡುಗಿ. ಒಂದು ಕಡೆ ಕೂಡಿಬಂದು ಇನ್ನೊಂದು ಕಡೆ ಕೈಕೊಡುವ ಸೂತ್ರ ಕವಡೆ ಶಾಸ್ತ್ರಕ್ಕಿಂತ ಏನು ಮೇಲು?

ಪಂಚಾಂಗದ ಮಾತು ಬಂದದ್ದು ಗಾಯಕಿ ಕಾರ್ಲಿ ಸೈಮನ್‌ಳ 1972ರ 'ಯೂ ಆರ್ ಸೋ ವೇನ್' ಹಾಡಿನಿಂದ. ಆ ಜಂಬದ ಗಂಡಸು ಯಾರು ಅಂತ ಜಗತ್ತು ತಲೆ ಕೆಡಿಸಿಕೊಂಡಿತ್ತು. ಮೂರನೇ ಪದ್ಯದಲ್ಲಿ ಅವನು ವಿಮಾನ ಹತ್ತಿ ನೋವಾ ಸ್ಕೋಶಿಯಾಕ್ಕೆ ಖಗ್ರಾಸ ಸೂರ್ಯಗ್ರಹಣ ನೋಡಲು ಹೋಗುತ್ತಾನೆ. ಗ್ರಹಣ ಅಂದರೆ ದಿನಾಂಕ, ದಿನಾಂಕ ಸಿಕ್ಕರೆ ಆಸಾಮಿ ಸಿಕ್ಕ ಹಾಗೆ! ಕೋಷ್ಟಕ ತೆಗೆದೆ. ಅಲ್ಲಿಗೆ ಒಂದಲ್ಲ, ಎರಡು ಗ್ರಹಣ ಬಂದಿತ್ತು: 1970ರ ಮಾರ್ಚ್ 7, 1972ರ ಜುಲೈ 10. ಎರಡೂ ದಿನ ಯಾವ ನಟ, ಯಾವ ಗಾಯಕ ಎಲ್ಲಿದ್ದ ಅಂತ ಹಳೆಯ ಪತ್ರಿಕೆಗಳನ್ನು ಕೊಂಡು ತಂದು ಪಟ್ಟಿ ಮಾಡಿದೆ. ಆರು ತಿಂಗಳು, ಸುಮಾರು ಮೂರು ಸಾವಿರ ರೂಪಾಯಿ, ಸಿಕ್ಕಿದ್ದು ಸೊನ್ನೆ. ಕೊನೆಗೆ 2015ರಲ್ಲಿ ಆಕೆಯೇ ಬಾಯಿ ಬಿಟ್ಟಳು. ಎರಡನೇ ಪದ್ಯ ಮಾತ್ರ ನಟ ವಾರೆನ್ ಬೀಟಿಯದು, ಉಳಿದ ಕಡೆ ಬೇರೆ ಇಬ್ಬರು. ನಾನು ಮೂವರು ಗಂಡಸರನ್ನು ಒಂದೇ ಅಂಗಿಯೊಳಗೆ ತುರುಕುತ್ತಿದ್ದೆ. ನನ್ನ ಮೂರು ಸಾವಿರಕ್ಕೆ ಮರುಗಬೇಡಿ. 2003ರಲ್ಲಿ ಆ ಹೆಸರನ್ನು ಕಿವಿಯಲ್ಲಿ ಹೇಳಿಸಿಕೊಳ್ಳಲು ಅಮೆರಿಕದ ಟಿವಿ ದೊಡ್ಡ ಮನುಷ್ಯ ಡಿಕ್ ಎಬರ್ಸಾಲ್ ಒಂದು ದತ್ತಿ ಹರಾಜಿನಲ್ಲಿ ಕೊಟ್ಟದ್ದು 50,000 ಡಾಲರ್, ಅದೂ ಯಾರಿಗೂ ಹೇಳಬಾರದು ಅನ್ನುವ ಷರತ್ತಿನ ಮೇಲೆ.

ಒಟ್ಟು ಖರ್ಚು ಕೇಳಿದರೆ ನನ್ನ ಹೆಂಡತಿ ಒಂದು ಅಂಕಿ ಹೇಳುತ್ತಾಳೆ, ನಾನೊಂದು. ನಡುವೆ ಇಟ್ಟುಕೊಂಡರೆ ನಲವತ್ತೈದು ಸಾವಿರ. ಹೆಚ್ಚಿನದು ಅವೆನ್ಯೂ ರೋಡು, ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕ, ಹಳೆ ಸಂಗೀತ ಪತ್ರಿಕೆಗಳಿಗೆ ಹೋಯಿತು. ಕಸದ ತೊಟ್ಟಿಗಂತೂ ಕೈ ಹಾಕಿಲ್ಲ. 1970ರ ಸುಮಾರಿಗೆ ನ್ಯೂಯಾರ್ಕಿನ ಎ. ಜೆ. ವೆಬರ್‌ಮನ್ ಅನ್ನುವವನು ಗಾಯಕ ಬಾಬ್ ಡಿಲನ್ ಮನೆಯ ಕಸವನ್ನೇ ಹೊತ್ತೊಯ್ದು ಹಾಡಿನ ಅರ್ಥ ಹುಡುಕುತ್ತಿದ್ದ. ಅವನ ಪಕ್ಕ ನಿಲ್ಲಿಸಿದರೆ ನಾನು ಸಂಭಾವಿತ.

ದಾರಿ ಸಿಕ್ಕಿದ್ದು ಪಿಂಕ್ ಫ್ಲಾಯ್ಡ್‌ನ 1983ರ 'ದ ಫೈನಲ್ ಕಟ್' ಆಲ್ಬಮ್ಮಿನಲ್ಲಿ. ಅದರಲ್ಲಿ 'ದ ಫ್ಲೆಚರ್ ಮೆಮೋರಿಯಲ್ ಹೋಮ್' ಅಂತ ಒಂದು ಹಾಡಿದೆ. ಜಗತ್ತಿನ ಅಧಿಕಾರಸ್ಥರನ್ನೆಲ್ಲ ಒಂದು ಆಶ್ರಮಕ್ಕೆ ಸೇರಿಸಿ ಕೂಡಿಹಾಕುವ ಹಾಡು. ನಮ್ಮ ಶನಿವಾರದ ಕೂಟದ ಇಂಗ್ಲಿಷ್ ಲೆಕ್ಚರರ್ "ಫ್ಲೆಚರ್ ಅಂದ್ರೆ ಬಾಣ ಮಾಡೋನು ಕಣಯ್ಯ. ಶಸ್ತ್ರಾಸ್ತ್ರ ಮಾರೋರ ಮೇಲಿನ ರೂಪಕ" ಅಂದರು. ಎಲ್ಲರೂ ತಲೆದೂಗಿದರು. ನನಗೆ ಮಾತ್ರ ಆ ಪದ ಅನ್ನದೊಳಗಿನ ಕಲ್ಲಿನ ಹಾಗೆ ಸಿಕ್ಕಿತು. ಅದನ್ನು ತೆಗೆದು ಅಷ್ಟೇ ಮಾತ್ರೆಯ ಬೇರೆ ಯಾವ ಹೆಸರು ಹಾಕಿದರೂ ಹಾಡಿಗೆ ನಷ್ಟವಿಲ್ಲ. ಹಾಡಿಗೆ ಬೇಡವಾದದ್ದನ್ನು ಬರೆದವನು ಯಾಕೆ ಇಟ್ಟ? ಅವನಿಗೆ ಬೇಕಾಗಿತ್ತು, ಅದಕ್ಕೆ.

ನನ್ನ ವಿಧಾನ ಅಂದರೆ ಹೆಚ್ಚುಕಮ್ಮಿ ಇಷ್ಟೇ. ಮಳೆ, ಗೋಡೆ, ರಸ್ತೆ, ವಜ್ರ ಇವೆಲ್ಲ ಊರವರ ಸ್ವತ್ತು, ಅಲ್ಲಿ ಅಗೆದರೆ ನಮ್ಮದೇ ಮೂಳೆ ಸಿಗುತ್ತದೆ. ಬರೆದವನ ಖಾಸಗಿ ಸಂಗತಿ ಕೂತಿರುವುದು ಒಣ ಪದದಲ್ಲಿ: ಒಂದು ಹೆಸರು, ಬೆಟ್ಟ, ಬೀದಿ, ಔಷಧಿ.

ಆ ಹಾಡು ಬರೆದ ರೋಜರ್ ವಾಟರ್ಸ್‌ನ ತಂದೆ ಎರಡನೇ ಮಹಾಯುದ್ಧದಲ್ಲಿ ಸತ್ತದ್ದು ಎಲ್ಲರಿಗೂ ಗೊತ್ತಿತ್ತು. ಮತ್ತೆ ಸೈಬರ್ ಕೆಫೆ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದವರ ಪಟ್ಟಿಯಲ್ಲಿ ವಾಟರ್ಸ್ ಅಂತ ಹುಡುಕಿದರೆ ಪುಟಗಟ್ಟಲೆ ವಾಟರ್ಸ್‌ಗಳು. ಇಟಲಿ, 1944 ಅಂತ ಸೋಸುತ್ತಾ ಬಂದೆ. ಎರಡನೇ ಗಂಟೆಯ ಕೊನೆಗೆ ತೆರೆಯ ಮೇಲೆ ಬಂತು: ಸೆಕೆಂಡ್ ಲೆಫ್ಟಿನೆಂಟ್, ರಾಯಲ್ ಫ್ಯೂಸಿಲಿಯರ್ಸ್, ಮರಣ 18 ಫೆಬ್ರವರಿ 1944, ಕ್ಯಾಸಿನೋ ಸ್ಮಾರಕ. ಹೆಸರು ಎರಿಕ್ ಫ್ಲೆಚರ್ ವಾಟರ್ಸ್. ಇಟಲಿಯ ಆ್ಯಂಜಿಯೋದಲ್ಲಿ ಅಪ್ಪ ಸತ್ತಾಗ ಮಗನಿಗೆ ಐದು ತಿಂಗಳು. ಪಕ್ಕದ ಕುರ್ಚಿಯ ಹುಡುಗ ನನ್ನನ್ನೇ ನೋಡುತ್ತಿದ್ದ, ನಾನು ಏನೋ ಕಿರುಚಿದ್ದೆ ಅಂತ ಕಾಣುತ್ತದೆ.

ಶನಿವಾರ ಪ್ರಿಂಟ್‌ಔಟ್ ಹಿಡಿದುಕೊಂಡು ಮಹಾರಾಜನ ಹಾಗೆ ಹೋದೆ. ಡ್ರಮ್ಮರ್ ಮಾತಾಡದೆ ಒಳಗೆ ಹೋಗಿ ಅಸಲಿ ಆಲ್ಬಮ್ ತಂದು ನನ್ನ ತೊಡೆಯ ಮೇಲಿಟ್ಟ. ಅದರ ಮೇಲೆ ಅಚ್ಚಾಗಿತ್ತು: ಎರಿಕ್ ಫ್ಲೆಚರ್ ವಾಟರ್ಸ್, 1913–1944, ಅವರಿಗಾಗಿ. ನನ್ನ ಹತ್ತಿರ ಇದ್ದದ್ದು ನಲವತ್ತು ರೂಪಾಯಿಯ ಡಬ್ ಮಾಡಿದ ಕ್ಯಾಸೆಟ್, ಇನ್‌ಲೇ ಕಾರ್ಡಿನಲ್ಲಿ ಹಾಡುಗಳ ಪಟ್ಟಿ ಬಿಟ್ಟು ಏನೂ ಇರಲಿಲ್ಲ. "ನೂರು ರೂಪಾಯಿ ಜಾಸ್ತಿ ಕೊಟ್ಟಿದ್ರೆ ಮೂರು ತಿಂಗಳು ಉಳೀತಿತ್ತು ಗುರು" ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಉತ್ತರ ಗೊತ್ತಿಲ್ಲದೆ ಉತ್ತರಕ್ಕೆ ತಲುಪಿದೆನಲ್ಲ ಅನ್ನುವುದು ಒಬ್ಬನಿಗೂ ಹೊಳೆಯಲಿಲ್ಲ. ಹೇಳಿದರೆ ಇನ್ನೂ ನಗು. ಹತ್ತು ವರ್ಷಕ್ಕೂ ಮೇಲೆ ಇದೇ ನನ್ನ ಹೆಸರಾಯಿತು: ಫ್ಲೆಚರ್.

ಪರೀಕ್ಷೆಯ ಉಪಾಯ ಲೆಕ್ಚರರದೇ, 2016ರಲ್ಲಿ. ಬರೆದವರೇ ಬಾಯಿಬಿಟ್ಟು ಅರ್ಥ ಹೇಳಿರುವ ಹತ್ತು ಹಾಡು, ಅದೂ ನಾನು ಕೆದಕದ ಕಡೆಯಿಂದ ಅವರು ಆರಿಸುವುದು. ಉತ್ತರ ಲಕೋಟೆಯಲ್ಲಿ. ನನಗೆ ಹಾಡಿಗೆ ಒಂದು ವಾರ, ಅಟ್ಲಾಸ್, ನಿಘಂಟು, ಬಿಡುಗಡೆಯಾದ ವರ್ಷ, ಅಷ್ಟೇ. ಸಂದರ್ಶನ ಓದುವಂತಿಲ್ಲ. ಹಾಡಿಗೆ ನೂರು ರೂಪಾಯಿ ಪಂತ, ಡ್ರಮ್ಮರ್ ಜೊತೆ.

ಮೊದಲನೆಯದು ಗಾಯಕ ಪೀಟರ್ ಗೇಬ್ರಿಯಲ್‌ನ 'ಸಾಲ್ಸ್‌ಬರಿ ಹಿಲ್', 1977. ಹದ್ದು, ದನಿ, ಕರೆದೊಯ್ಯಲು ಬಂದವನು ಎಲ್ಲ ಇದೆ. ಭಕ್ತಿಗೀತೆ ಅಂತ ಮೋಸ ಹೋಗುವುದು ಸುಲಭ. ನಾನು ಹದ್ದಿನ ತಂಟೆಗೆ ಹೋಗಲಿಲ್ಲ, ಬೆಟ್ಟ ಹಿಡಿದೆ. ಅಟ್ಲಾಸಿನ ದೊಡ್ಡ ನಕ್ಷೆಯಲ್ಲೂ ಇಲ್ಲದ, ಇಂಗ್ಲೆಂಡಿನ ಬಾತ್ ಊರಿನ ಪಕ್ಕದ ಗುಡ್ಡ. ಅಂಥ ಗುಡ್ಡದ ಹೆಸರು ಹಾಕಬೇಕಾದರೆ ಅವನು ಅಲ್ಲಿ ನಿಂತಿರಲೇಬೇಕು. ತಾಳ ನೋಡಿ: ಏಳು ಮಾತ್ರೆ, ಕಾಲು ತಟ್ಟಲು ಹೋದರೆ ಪ್ರತಿ ಸಲ ಎಡವುತ್ತದೆ, ಸಾಲಿನಿಂದ ಹೊರಗೆ ಹೆಜ್ಜೆ ಇಟ್ಟವನ ನಡಿಗೆ. "ಯಾವುದೋ ಗುಂಪು ಬಿಟ್ಟು ಬಂದವನು, ನಿರಾಳವಾಗಿದ್ದಾನೆ" ಅಂತ ಬರೆದೆ. ಲಕೋಟೆಯಲ್ಲಿ: 1975ರಲ್ಲಿ ಜೆನೆಸಿಸ್ ತಂಡ ಬಿಟ್ಟದ್ದರ ಬಗ್ಗೆ.

ಮೆಟಾಲಿಕಾದ 'ದ ಗಾಡ್ ದಟ್ ಫೇಲ್ಡ್' ನನ್ನ ಹೆಮ್ಮೆ. 2011ರಲ್ಲಿ ಅರಮನೆ ಮೈದಾನದಲ್ಲಿ ಆ ತಂಡದ ಮುಂದೆ ಗಂಟಲು ಹರಿದುಕೊಂಡ ಡ್ರಮ್ಮರ್ ಕೂಡ ಅದು ಬರೀ ದೇವರ ಮೇಲಿನ ಸಿಟ್ಟು ಅಂತಲೇ ತಿಳಿದಿದ್ದ. ನನಗೆ ಸಿಕ್ಕ ಕಲ್ಲು 'ಗುಣಪಡಿಸುವ ಕೈ'. ದೇವರನ್ನು ಬಯ್ಯಲು ವೈದ್ಯ ಯಾಕೆ? "ಮನೆಯಲ್ಲಿ ಯಾರೋ ಚಿಕಿತ್ಸೆ ತೆಗೆದುಕೊಳ್ಳದೆ ಸತ್ತಿದ್ದಾರೆ" ಅಂತ ಬರೆದೆ. ಹಾಡು ಬರೆದ ಜೇಮ್ಸ್ ಹೆಟ್‌ಫೀಲ್ಡ್‌ನ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು, ಅವರು ನಂಬಿದ್ದ ಕ್ರಿಶ್ಚಿಯನ್ ಸೈನ್ಸ್ ಪಂಥದಲ್ಲಿ ಪ್ರಾರ್ಥನೆಯೇ ಔಷಧ. ಲಕೋಟೆ ಒಡೆದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಡ್ರಮ್ಮರ್ ನೂರರ ನೋಟು ತೆಗೆದು ಟೀ ಲೋಟದ ಕೆಳಗೆ ಇಟ್ಟ.

ಸೋತದ್ದನ್ನೂ ಹೇಳಬೇಕು. 'ಎವ್ರಿ ಬ್ರೆತ್ ಯೂ ಟೇಕ್'ನಲ್ಲಿ ಒಂದೇ ಒಂದು ಹೆಸರಿಲ್ಲ, ಊರಿಲ್ಲ, ಬಣ್ಣವಿಲ್ಲ. ಅಂಗಿ ನೇತುಹಾಕಲು ಮೊಳೆಯೇ ಇಲ್ಲದ ಗೋಡೆ. ರಿಸೆಪ್ಷನ್ನಿನಲ್ಲಿ ಆರ್ಕೆಸ್ಟ್ರಾದವರು ಬಾರಿಸುವ ಪ್ರೇಮಗೀತೆ ಅಂತ ಬರೆದು ಕೈತೊಳೆದುಕೊಂಡೆ. ಗಾಯಕ ಸ್ಟಿಂಗ್ ಅದನ್ನು ಬರೆದದ್ದು ಮದುವೆ ಮುರಿಯುತ್ತಿದ್ದಾಗ. ಬೆನ್ನು ಬಿಡದ ಕಣ್ಣಿನ ಹಾಡದು, ಅವನ ಮಾತಿನಲ್ಲೇ ಕೆಟ್ಟ ಹಾಡು. ಆಗ ಧಾರವಾಡದ ಅತ್ತೆ ನೆನಪಾದರು. ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಪದ್ಯವನ್ನು ನಾನು ಚಿಕ್ಕಂದಿನಲ್ಲಿ ತುಂಟತನದಿಂದ ಹಾಡಿದಾಗ ಅವರು ಗದರಿದ್ದರು: "ಅದು ಗಂಡ ಹೆಂಡ್ತಿ ಸರಸದ ಹಾಡಲ್ಲೋ ತಮ್ಮಾ, ಕೂಸು ಹೋದಾಗ ಬರದದ್ದು." ಅಂಥ ಹಾಡಿಗೆ ನನ್ನ ವಿಧಾನ ನಡೆಯುವುದಿಲ್ಲ, ಆ ಮನೆಯವರನ್ನೇ ಕೇಳಬೇಕು.

ಅರ್ಧ ಅಂಕದ ಕಥೆ ಸಿಯಾಟಲ್ ಕಡೆಯ ರಾಕ್ ತಂಡ ನಿರ್ವಾಣದ್ದು. 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್'. 90ರ ದಶಕದ ಸಿಯಾಟಲ್ ರಾಕ್ ಕಡೆ ನಾನು ತಲೆ ಹಾಕಿದವನಲ್ಲ. ಬೇಡದ ಪದ ಯಾವುದು ಅಂತ ಸರಿಯಾಗಿಯೇ ಗುರುತು ಹಾಕಿದೆ, 'ಟೀನ್ ಸ್ಪಿರಿಟ್'. ಆದರೆ ಅರ್ಥ ಬರೆದದ್ದು ಹದಿಹರೆಯದ ಬಂಡಾಯದ ಕಿಡಿ ಅಂತ. ಲಕೋಟೆಯಲ್ಲಿ ಇದ್ದದ್ದು ಡಿಯೋಡರೆಂಟ್! ಕ್ಯಾಥ್ಲೀನ್ ಹ್ಯಾನಾ ಅನ್ನುವ ಗೆಳತಿ, ತಂಡದ ಗಾಯಕ ಕರ್ಟ್ ಮೈಯಲ್ಲಿ ಟೀನ್ ಸ್ಪಿರಿಟ್ ವಾಸನೆ ಅಂತ ಗೋಡೆಯ ಮೇಲೆ ಗೀಚಿದ್ದಳು. ಅದು ಹುಡುಗಿಯರು ಹಚ್ಚಿಕೊಳ್ಳುವ ಡಿಯೋಡರೆಂಟಿನ ಹೆಸರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಲಕೋಟೆ ಕಸಿದುಕೊಂಡು ಕೊನೆಯ ಸಾಲು ಗಟ್ಟಿಯಾಗಿ ಓದಿದೆ: ಅದು ಡಿಯೋಡರೆಂಟ್ ಅಂತ ಕರ್ಟ್ ಕೊಬೇನ್‌ಗೂ ಗೊತ್ತಿರಲಿಲ್ಲ, ಬಂಡಾಯದ ಮಾತು ಅಂತಲೇ ತಿಳಿದು ಹಾಡು ಕಟ್ಟಿದ, ಹಾಡು ಹೊರಬಂದು ತಿಂಗಳುಗಳ ಮೇಲೆ ತಿಳಿಯಿತು. ಹಾಗಾದರೆ ಬರೆದವನ ತಲೆಯಲ್ಲಿ ಇದ್ದದ್ದನ್ನೇ ನಾನು ಬರೆದ ಹಾಗಾಯಿತಲ್ಲ? ಲೆಕ್ಚರರ್ ಒಪ್ಪಿ ಅರ್ಧ ಅಂಕ ಕೊಟ್ಟರು. ಡ್ರಮ್ಮರ್ ಒಪ್ಪಲಿಲ್ಲ.

ಇನ್ನೊಂದು ಮಾತು. ಬೇಡದ ಪದ ಸಿಕ್ಕಮೇಲೆ ಹಾಡನ್ನು ಯಾವ ಸಾಲಿನಿಂದ ಹಿಂದಕ್ಕೆ ಓದಿಕೊಂಡು ಬರಬೇಕು ಅನ್ನುವುದಕ್ಕೊಂದು ಪಟ್ಟು ಇದೆ, ನನ್ನ ಪಟ್ಟಿಯ ಮೂರನೇ ಕಾಲಂ ಅದಕ್ಕೇ ಇರುವುದು. ಎರಡನೇ ಸುತ್ತಿನ ಪಂತ ಹಾಡಿಗೆ ಐನೂರಕ್ಕೆ ಏರಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಹಳೆಯ ಬಾಕಿಯಲ್ಲಿ ಆರುನೂರು ಬಂದಿದೆ. ಆ ಅರ್ಧ ಅಂಕದ ಐವತ್ತು ಕೇಳಿದಾಗಲೆಲ್ಲ ಡ್ರಮ್ಮರ್ ಮೂಗು ಮುಚ್ಚಿಕೊಂಡು ತೋರಿಸುತ್ತಾನೆ.